ಮೇಷ್ಟ್ರು ಎತ್ತರವಾದದ್ದು

ಆ ಭಾನುವಾರ ಗುಡ್ಡದ ದಾರಿಯಲ್ಲಿ ಡ್ರಾಯಿಂಗ್ ಮೇಷ್ಟ್ರ ಗಾಡಿ ಬಂಡೆಯ ಮೇಲೆ ಕೂತುಬಿಟ್ಟಿತು. ಕಾವಿಗೆ ಕೂತ ಕೋಳಿಯ ಹಾಗೆ ಹೊಟ್ಟೆಯನ್ನು ಕಲ್ಲಿಗೆ ಒತ್ತಿಕೊಂಡು ಕೂತಿತು. ಚಕ್ರಗಳು ಗರಗರ ತಿರುಗಿದವು, ಮಣ್ಣು ಹಾರಿತು, ಗಾಡಿ ಮಾತ್ರ ಏಳಲೊಲ್ಲದು.

ಗಾಡಿಯೆಂದರೆ ಹಿಂದೆ ತೆರೆದ ತೊಟ್ಟಿಯಿರುವ ಒಂದು ಹಳೆಯ ಪಿಕಪ್ ಟ್ರಕ್ಕು. ನಾಲ್ಕೂ ಚಕ್ರಕ್ಕೆ ಎಳೆತವಿದೆ, ಎಂಥ ಕಾಡುದಾರಿಯಲ್ಲೂ ನುಗ್ಗುತ್ತದೆ ಎಂದು ಮಾರಿದವನು ಹೇಳಿದ್ದ. ನುಗ್ಗುವುದೇನೋ ನುಗ್ಗುತ್ತಿತ್ತು; ಅದರ ಭಾರ ಹೊರುವ ಉಕ್ಕಿನ ಕಮಾನು ಪಟ್ಟಿಗಳು ಮುದಿಯಾಗಿ ಚಪ್ಪಟೆಯಾಗಿದ್ದರಿಂದ ನುಗ್ಗಿದಲ್ಲೇ ಉಳಿಯುತ್ತಿತ್ತು.

ಗುಡ್ಡದ ನೆತ್ತಿಯಲ್ಲಿ ಮೇಷ್ಟ್ರ ಮಾವನ ಮನೆ. ಮಾವ ಮಣ್ಣಿನಲ್ಲಿ ಆಳೆತ್ತರದ ಗುಡಾಣಗಳನ್ನು ಮಾಡುವವರು. ಅಳಿಯ ಸಿಕ್ಕಿಬಿದ್ದ ಸುದ್ದಿ ಮುಟ್ಟಿದ್ದೇ ತಡ, ಮೇಲಿಂದ ಷಡ್ಡಕರು ತಮ್ಮ ಜೀಪು ಇಳಿಸಿಕೊಂಡು ಬಂದರು. ಷಡ್ಡಕರೆಂದರೆ ಮೇಷ್ಟ್ರ ಹೆಂಡತಿಯ ಅಕ್ಕನ ಗಂಡ. ಬಾಗಿಲು ಎಂಬುದನ್ನು ಬಾಗುವುದಕ್ಕೆಂದೇ ಮಾಡಿದ್ದಾರೆ ಎಂದು ನಂಬಿದಷ್ಟು ಎತ್ತರದ ಮನುಷ್ಯ. ಅವರ ಜೀಪು ಅವರಿಗಿಂತ ಎತ್ತರ. ಅವರು ಹಗ್ಗ ಕಟ್ಟಿ, ಒಂದೇ ಎಳೆತಕ್ಕೆ ಟ್ರಕ್ಕನ್ನು ಬಂಡೆಯಿಂದ ಕಿತ್ತು, ಅಂಗಳದವರೆಗೂ ಕರುವಿನ ಹಾಗೆ ಎಳೆದುಕೊಂಡು ಹೋದರು.

ಅಂಗಳದಲ್ಲಿ ಮಾವ ನಗುತ್ತ ಅಂದರು: "ನಮ್ಮ ಚಿಕ್ಕಳಿಯಂದ್ರಲ್ಲಿ ಬೇರೇನೂ ಕೊರತೆ ಇಲ್ಲ. ಸ್ವಲ್ಪ ಎತ್ತರ ಸಾಲದು, ಅಷ್ಟೇ."

ಮಾವ ಹೇಳಿದ್ದು ಗಾಡಿಗೋ ಅಳಿಯನಿಗೋ ಎಂಬುದು ಅವರಿಗೇ ಖಚಿತವಿರಲಿಲ್ಲ. ಮೇಷ್ಟ್ರು ಷಡ್ಡಕರ ಎದೆಯ ಜೇಬಿನ ಮಟ್ಟಕ್ಕೆ ಬರುವವರಾದ್ದರಿಂದ ಮಾತು ಎರಡಕ್ಕೂ ಒಪ್ಪುತ್ತಿತ್ತು. ಎಲ್ಲರೂ ನಕ್ಕರು. ಆಮೇಲೆ ಮಾವ ದೊಡ್ಡಳಿಯನ ಭುಜ ತಟ್ಟಿ (ತಟ್ಟಲು ಅವರೂ ಕೈ ಎತ್ತಬೇಕಾಯಿತು), ಮುಂದಿನ ವಾರ ವಸ್ತುಪ್ರದರ್ಶನಕ್ಕೆ ಹೋಗಬೇಕಾದ ತಮ್ಮ ಜೀವಮಾನದ ಅತಿ ದೊಡ್ಡ ಗುಡಾಣವನ್ನು ಜೀಪಿನಲ್ಲೇ ಇಳಿಸಬೇಕೆಂದು ಹೇಳಿದರು.

ಮೇಷ್ಟ್ರು ಅವತ್ತು ಊಟದಲ್ಲಿ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಮರುದಿನ ಶಾಲೆ ಬಿಟ್ಟ ಕೂಡಲೇ ಗಾಡಿಯನ್ನು ಡಾಕ್ಟರ ಬಳಿಗೆ ಒಯ್ದರು. ಪೇಟೆಯ ಕೊನೆಯ ತಗಡಿನ ಶೆಡ್ಡಿನಲ್ಲಿ ಕಮಾನು ಪಟ್ಟಿ ರಿಪೇರಿ ಮಾಡುವ ಮೆಕ್ಯಾನಿಕ್ಕರನ್ನು ಎಲ್ಲರೂ ಡಾಕ್ಟರೆಂದೇ ಕರೆಯುತ್ತಿದ್ದರು. ಆ ಬಿರುದನ್ನು ಅವರು ತಮಗೆ ತಾವೇ ದಯಪಾಲಿಸಿಕೊಂಡಿದ್ದರು. ಹಗಲೆಲ್ಲ ಸುತ್ತಿಗೆ ಹೊಡೆದು ಅವರ ಕಿವಿ ಮಂದವಾಗಿತ್ತು. ಬಾಯಿ ಮಾತ್ರ ಚುರುಕಾಗಿತ್ತು.

"ನೋಡಿ ಮೇಷ್ಟ್ರೇ," ಡಾಕ್ಟರು ಗಾಡಿಯ ಕೆಳಗೆ ಬ್ಯಾಟರಿ ಬಿಟ್ಟರು. "ನಿಮ್ಮ ಕಮಾನು ಪ್ಲೇಟುಗಳು ಸತ್ತು ಸ್ವರ್ಗ ಸೇರಿವೆ. ನಾನು ಎರಡು ದಪ್ಪ ಪ್ಲೇಟ್ ಜಡೀತೀನಿ. ಗಾಡಿ ಮೂರಿಂಚು ಏಳಲಿಲ್ಲ ಅಂದ್ರೆ ನನ್ನ ಮೀಸೆ ಬೋಳಿಸಿ."

"ಕೂತ್ಕೊಂಡೋರಿಗೆ ಕಷ್ಟ ಆಗಲ್ವಾ? ಕುಲುಕಲ್ವಾ?"

"ಮೇಷ್ಟ್ರೇ, ಎತ್ತರ ಬೇಕು, ಸುಖಾನೂ ಬೇಕು ಅಂದ್ರೆ ಹೇಗೆ? ಮಂಚದ ಮೇಲೆ ಮಲಗಿ, ಸುಖ ಇದೆ. ಏಣಿ ಹತ್ತಿ, ಎತ್ತರ ಇದೆ. ಏಣಿ ಮೇಲೆ ಮಲಗಿದೋರನ್ನ ಎಲ್ಲಾದ್ರೂ ನೋಡಿದೀರಾ?"

ಮೇಷ್ಟ್ರು ಯೋಚಿಸಿ ಫೋನ್ ಮಾಡುವುದಾಗಿ ಹೇಳಿ ಬಂದರು.

ಫೋನ್ ಮಾಡುವುದರಲ್ಲೇ ಎಡವಟ್ಟಾಯಿತು. ಮನೆಯೊಳಗಿಂದ ಮಾಡುವಂತಿರಲಿಲ್ಲ. ರಜೆ ಬಂದರೆ ಗಂಡನ ಕಾಲುಗಳು ಮಾತ್ರ ಕಾಣುತ್ತವೆ, ಉಳಿದ ಭಾಗ ಗಾಡಿಯ ಕೆಳಗಿರುತ್ತದೆ ಎಂದು ಬೇಸತ್ತ ಹೆಂಡತಿ, ಆ ಗಾಡಿಗೆ ಇನ್ನೊಂದು ಬೋಲ್ಟು ಹಾಕಿಸಿದರೂ ತಾನು ಅಪ್ಪನ ಮನೆಗೆ ಹೊರಟೆ ಎಂದು ಆಣೆಯಿಟ್ಟಿದ್ದಳು. ಹಾಗಾಗಿ ಮೇಷ್ಟ್ರು ತಾರಸಿ ಹತ್ತಿದರು. ಡಾಕ್ಟರಿಗೆ ಕಿವಿ ಕೇಳದು, ಹಾಗಾಗಿ ಕೂಗಿದರು. ಪಕ್ಕದ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದ ನರ್ಸಮ್ಮ, ದೊಡ್ಡಾಸ್ಪತ್ರೆಯಿಂದ ನಿವೃತ್ತರಾದರೂ ಪೇಷೆಂಟುಗಳಿಂದ ನಿವೃತ್ತರಾಗದವರು, ಹಾಸಿಗೆಯ ಹೊದಿಕೆಯ ಹಿಂದೆ ನಿಂತು ಇಷ್ಟನ್ನು ಕೇಳಿದರು:

"ಡಾಕ್ಟ್ರೇ! ನಿರ್ಧಾರ ಮಾಡಿಬಿಟ್ಟೆ! ಮೂರಿಂಚು ಎತ್ತರ ಬೇಕೇ ಬೇಕು! ಹ್ಞಾಂ, ಎರಡೂ ಕಡೆ ಪ್ಲೇಟ್ ಹಾಕಿ, ಬೋಲ್ಟ್ ಬಿಗೀರಿ! ಏನು, ಹಳೇದು ಅಂಟ್ಕೊಂಡಿದ್ರೆ ಕತ್ತರಿಸಬೇಕಾ? ಕತ್ತರಿಸಿ! ಗ್ಯಾಸ್ ಕೊಟ್ಟೇ ಕತ್ತರಿಸಿ! ಇಲ್ಲ, ಮನೇಲಿ ಗೊತ್ತಿಲ್ಲ. ಎತ್ತರ ಆದ ಮೇಲೆ ನೋಡಿ ಎಲ್ಲರೂ ಬೆರಗಾಗಲಿ!"

ನರ್ಸಮ್ಮನ ಕೈಯಿಂದ ಕ್ಲಿಪ್ಪುಗಳ ಬುಟ್ಟಿ ಬಿತ್ತು. ಕಾಲಿನ ಮೂಳೆ ಕತ್ತರಿಸಿ, ಪ್ಲೇಟ್ ಹಾಕಿ, ಮನುಷ್ಯರನ್ನು ಉದ್ದ ಮಾಡುವ ಆಪರೇಷನ್ನಿನ ಬಗ್ಗೆ ಅವರು ಬಲ್ಲರು. ಆದರೆ ಇಷ್ಟು ಹುಮ್ಮಸ್ಸಿನಿಂದ ತನ್ನ ಕಾಲನ್ನು ಕತ್ತರಿಸಲು ಹೇಳಿದ ಪೇಷೆಂಟನ್ನು ಇಡೀ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಮೇಷ್ಟ್ರು ಹಾಲಿಗೆಂದು ಹೊರಗೆ ಹೋದದ್ದನ್ನು ನೋಡಿ ನರ್ಸಮ್ಮ ಅಡುಗೆಮನೆಗೆ ನುಗ್ಗಿದರು. ವಿಷಯ ಕೇಳಿ ಮೇಷ್ಟ್ರ ಹೆಂಡತಿ ಸೌಟು ಹಿಡಿದೇ ನೆಲಕ್ಕೆ ಕೂತಳು.

"ಈಗ್ಲೇ ಕೇಳ್ತೀನಿ ಅವರನ್ನ!"

"ಅಯ್ಯೋ, ಬೇಡಮ್ಮ! ಇಂಥ ವಿಷಯದಲ್ಲಿ ಗಂಡಸರ ಮನಸ್ಸು ಗಾಜಿನ ಹಾಗೆ. ನೇರವಾಗಿ ಕೇಳಿದ್ರೆ ಹಟಕ್ಕೆ ಆರಿಂಚು ಮಾಡಿಸ್ಕೋತಾರೆ. ನಯವಾಗಿ, ಈಗಿರೋ ಹಾಗೇ ಚೆನ್ನಾಗಿದೀರಿ ಅಂತ ಹೇಳ್ತಾ ಇರು."

ಅವಳು ಅಕ್ಕನಿಗೆ ಫೋನ್ ಮಾಡಿ ಅತ್ತಳು. ಅಕ್ಕ ಅಪ್ಪನಿಗೆ ಹೇಳಿದರು. ಗುಡ್ಡದ ಮೇಲೆ ಮಾವ ತಿರುಗುತ್ತಿದ್ದ ಚಕ್ರವನ್ನು ನಿಲ್ಲಿಸಿ ತಲೆಯ ಮೇಲೆ ಕೈ ಹೊತ್ತರು: "ನಾನು ತಮಾಷೆಗೆ ಆಡಿದ ಒಂದು ಮಾತಿಗೆ ಆ ಪುಣ್ಯಾತ್ಮ ಕಾಲು ಕತ್ತರಿಸಿಕೊಳ್ಳೋಕೆ ಹೊರಟನಲ್ಲೋ!"

ಹಾಲು ತಗೊಂಡು ಮೇಷ್ಟ್ರು ಮನೆಗೆ ಬಂದಾಗ ಹೆಂಡತಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, "ರೀ, ಗಂಡಸು ಅಂದ್ರೆ ನಿಮ್ಮ ಅಳತೆಗಿದ್ರೇ ಲಕ್ಷಣ" ಎಂದಳು. ಮದುವೆಯಾದಾಗಿನಿಂದ ಕೇಳದ ಮಾತು. ಮೇಷ್ಟ್ರಿಗೆ ಗಾಬರಿಯಾಯಿತು.

ಮರುದಿನ ಶಾಲೆಯಲ್ಲಿ ಅವರು ಮುಖ್ಯೋಪಾಧ್ಯಾಯಿನಿಯ ಎದುರು ನಿಂತು ರಜೆ ಕೇಳಿದರು.

"ಯಾಕೆ ರಜೆ?"

"ಪ್ಲೇಟ್ ಹಾಕಿಸ್ಬೇಕು ಮೇಡಂ. ಡಾಕ್ಟ್ರು ಬರೋಕೆ ಹೇಳಿದಾರೆ."

"ಅಯ್ಯೋ! ಎಲ್ಲಿಗೆ?"

"ಸದ್ಯಕ್ಕೆ ಹಿಂದಕ್ಕೆ."

ಮೇಡಂ ಕನ್ನಡಕ ತೆಗೆದಿಟ್ಟರು. "ಹಿಂದಕ್ಕೆ? ನೋವಿದೆಯಾ?"

"ನೋವೇನಿಲ್ಲ, ಹಳೇದಾಗಿ ಚಪ್ಪಟೆ ಆಗಿದೆ. ಸಣ್ಣ ಕಲ್ಲು ಸಿಕ್ಕಿದ್ರೂ ನೆಲಕ್ಕೆ ತಾಗುತ್ತೆ ಮೇಡಂ. ಎಲ್ಲರೂ ನಗ್ತಾರೆ."

ಶಿಸ್ತಿಗೆ ಹೆಸರಾದ ಆ ಹೆಂಗಸು ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಮಾಡಲಿಲ್ಲ. ಬೇಕಾದಷ್ಟು ರಜೆ ತಗೊಳ್ಳಿ ಎಂದು ಕೈಮುಗಿದು, ಅವರು ಹೋಗುವಾಗ ಹಿಂದಿನಿಂದ ನೋಡಬಾರದೆಂದು ಕಿಟಕಿಯ ಕಡೆ ತಿರುಗಿದರು.

ಡಾಕ್ಟರು ಹೇಳಿದಂತೆಯೇ ಮಾಡಿದರು. ದಪ್ಪ ಪ್ಲೇಟು ಸೇರಿದ ಗಾಡಿ ಎದೆಯುಬ್ಬಿಸಿ ಎದ್ದು ನಿಂತಿತು. ಹತ್ತಲು ಮೇಷ್ಟ್ರು ಒಂದು ಇಟ್ಟಿಗೆ ಇಟ್ಟುಕೊಳ್ಳಬೇಕಾಯಿತು. ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ಅವರಿಗೆ ಊರಿನ ರಸ್ತೆಗಳ ನಿಜವಾದ ಪರಿಚಯವಾಯಿತು. ಗಾಡಿ ಕುಲುಕಲಿಲ್ಲ, ಒದೆಯಿತು. ಸಣ್ಣ ಹಳ್ಳಕ್ಕೆ ಸೊಂಟ ಕಳಚಿದಂತಾಯಿತು. ರೈಲುಹಳಿ ದಾಟುವಾಗ ಮೇಷ್ಟ್ರು ಸೀಟಿನಿಂದ ನೆಗೆದು, ನೆತ್ತಿಯನ್ನು ಮೇಲಿನ ತಗಡಿಗೆ ಹೊಡೆದುಕೊಂಡರು; ಕೆಳಗೆ ಬರುವ ಮೊದಲೇ ಇನ್ನೊಂದು ಹಳಿ ಬಂತು.

ಗಾಡಿಯನ್ನು ಹಿಂದಿನ ಬೀದಿಯಲ್ಲಿ ಅಡಗಿಸಿ, ಸೊಂಟ ಹಿಡಿದುಕೊಂಡು, ಕಾಲು ಅಗಲಿಸಿಕೊಂಡು, ಗೋಡೆ ಹಿಡಿದು ಹಿಡಿದು ಮೇಷ್ಟ್ರು ಮನೆಯ ಗೇಟಿಗೆ ಬಂದರು.

ನರ್ಸಮ್ಮ ಬಾಗಿಲಲ್ಲೇ ನಿಂತಿದ್ದರು. "ಆಗೋಯ್ತು," ಎಂದರು. "ಆಪರೇಷನ್ ಆಗೇಹೋಯ್ತು! ಆದ ದಿನವೇ ನಡೆಸಿ ಕಳಿಸಿದಾನೆ, ಕಟುಕ!"

ಒಳಗೆ ಮೇಷ್ಟ್ರಿಗೆ ಅಚ್ಚರಿ ಕಾದಿತ್ತು. ಮಾವ ಬಂದಿದ್ದರು. ಹೆಂಡತಿಯ ಅಕ್ಕ ಬಂದಿದ್ದರು. ಷಡ್ಡಕರಂತೂ ಕುರ್ಚಿಗಳೆಲ್ಲ ಖಾಲಿಯಿದ್ದರೂ ನೆಲದ ಮೇಲೆ ಮುದುಡಿ ಕೂತಿದ್ದರು. ಎತ್ತರದ ಮಾತೇ ಮನೆಯಲ್ಲಿ ಬರಬಾರದು, ನೀವು ನಿಲ್ಲಲೂಬಾರದು ಎಂದು ಅವರ ಹೆಂಡತಿ ತಾಕೀತು ಮಾಡಿದ್ದರು. ನೀರು ಬೇಕಾದಾಗಲೂ ಅವರು ಅಡುಗೆಮನೆಗೆ ಕುಕ್ಕರಗಾಲಿನಲ್ಲೇ ಹೋಗಿಬಂದರು.

"ಅಳಿಯಂದ್ರೇ," ಎಂದರು ಮಾವ. "ನಮಗೆಲ್ಲ ಗೊತ್ತಾಯ್ತು."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳೇ ಹೊರತು ಪೆಟ್ಟಿಗೆ ಕಟ್ಟುತ್ತಿರಲಿಲ್ಲ. ಗಾಡಿಯ ಗುಟ್ಟು ಬಯಲಾಗಿಯೂ ತಾವು ಬದುಕಿದ್ದೇವೆ ಎಂಬ ಸಂತೋಷಕ್ಕೆ ಅವರಿಗೆ ಮಾತು ಹರಿದು ಬಂತು.

"ಗೊತ್ತಾದದ್ದು ಒಳ್ಳೇದೇ ಆಯ್ತು ಮಾವ! ಎತ್ತರವೇನೋ ಭರ್ಜರಿಯಾಗಿ ಬಂತು. ಆದ್ರೆ ಸಿಕ್ಕಾಪಟ್ಟೆ ಗಡಸು. ಕೂತ್ರೆ ಪ್ರಾಣ ಹೋಗುತ್ತೆ."

"ಹೋಗದೆ ಇರುತ್ತಾ!" ಎಂದರು ನರ್ಸಮ್ಮ.

"ನಾಳೆ ಮತ್ತೆ ಬಿಚ್ಚಿಸ್ತೀನಿ. ಒಂದು ಪ್ಲೇಟ್ ತೆಗೆಸಿಬಿಡ್ತೀನಿ."

"ಮತ್ತೆ ಬಿಚ್ಚಿಸ್ತೀರಾ!" ಹೆಂಡತಿ ಕಿರುಚಿದಳು.

"ಅದೇನು ಮಹಾ, ನಾಲ್ಕು ಬೋಲ್ಟು. ತೆಗೆದ ಪ್ಲೇಟು ದಂಡ ಆಗಲ್ಲ, ಬೇಕಾದ್ರೆ ಭಾವನಿಗೇ ಹಾಕಿಸಬಹುದು. ಏನ್ ಭಾವ, ನಾಳೆ ಬರ್ತೀರಾ? ನಿಮ್ಮದನ್ನೂ ಡಾಕ್ಟ್ರು ನೋಡ್ಲಿ."

ಷಡ್ಡಕರು ಕೂತಲ್ಲೇ ಗೋಡೆಯವರೆಗೆ ಸರಿದರು.

ನರ್ಸಮ್ಮ ತಡೆಯಲಾರದೆ ಟೇಪು ತಂದು, ಮೇಷ್ಟ್ರನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆದರು. ಹೆಂಡತಿ ಹೇಳಿದ ಹಳೆಯ ಅಳತೆಗಿಂತ ಅರ್ಧ ಇಂಚು ಜಾಸ್ತಿ ಬಂತು. ಅದು ನೆತ್ತಿಯ ಮೇಲೆ ಎದ್ದಿದ್ದ ಬುಗುಟು ಎಂದು ಯಾರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಗೋಳೋ ಎಂದು ಸದ್ದೆದ್ದಿತು. ಮಾವ ಎದ್ದು ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡರು: "ಅಳಿಯಂದ್ರೇ, ನನ್ನ ಮೇಲಾಣೆ, ಇನ್ನು ಎತ್ತರದ ಸುದ್ದಿ ಬೇಡ. ಆ ದೊಡ್ಡ ಗುಡಾಣ ಇಳಿಸೋದು ನೀವೇ. ನಿಮ್ಮ ಗಾಡೀಲೇ. ಇದು ನನ್ನ ಮಾತು."

ಮೇಷ್ಟ್ರಿಗೆ ರೆಕ್ಕೆ ಬಂದ ಹಾಗಾಯಿತು. ಗುಡಾಣ ತಮ್ಮ ಗಾಡಿಯಲ್ಲಿ! ಹಾಗಾದರೆ ಈ ಒದೆಯುವ ಪ್ಲೇಟು ಇಟ್ಟುಕೊಂಡು ನಡೆಯುವುದಿಲ್ಲ. ಬೆಳಗಾಗುವುದನ್ನೇ ಕಾದು, ಎಲ್ಲರೂ ಏಳುವ ಮೊದಲೇ ಶೆಡ್ಡಿಗೆ ಓಡಿದರು.

ಹಾಸಿಗೆ ಖಾಲಿಯಿರುವುದನ್ನು ಕಂಡ ಹೆಂಡತಿ ಮನೆಯನ್ನೆಲ್ಲ ಎಬ್ಬಿಸಿದಳು. ನರ್ಸಮ್ಮ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಜೀಪು ಹತ್ತಿದರು. "ಎತ್ತರ ಮಾಡೋ ಡಾಕ್ಟ್ರು ಎಲ್ಲಿ?" ಎಂದು ದಾರಿಯಲ್ಲಿ ಕೇಳಿದರೆ ಪೇಟೆಯ ಜನ ಯಾವ ಸಂಶಯವೂ ಇಲ್ಲದೆ ತಗಡಿನ ಶೆಡ್ಡಿನ ಕಡೆ ಕೈ ತೋರಿಸಿದರು.

ಶೆಡ್ಡಿನ ಬಾಗಿಲಲ್ಲಿ ಅವರಿಗೆ ಕಂಡದ್ದು ನೆಲದ ಮೇಲೆ ಚಾಚಿದ ಎರಡು ಕಾಲು. ಮೇಷ್ಟ್ರದೇ ಚಪ್ಪಲಿ. ಅವುಗಳ ಪಕ್ಕ ಮಂಡಿಯೂರಿ, ಎಣ್ಣೆಮೆತ್ತಿದ ದೈತ್ಯನೊಬ್ಬ ಗ್ಯಾಸ್ ಜ್ವಾಲೆ ಹಿಡಿದು ಕಿಡಿ ಹಾರಿಸುತ್ತಿದ್ದ.

"ಇನ್ನೊಂದು ಸ್ವಲ್ಪ ಕತ್ತರಿಸಿ ಡಾಕ್ಟ್ರೇ!" ಕಾಲುಗಳ ಆಚೆಯಿಂದ ಮೇಷ್ಟ್ರ ಉತ್ಸಾಹದ ದನಿ ಕೇಳಿತು. "ಹ್ಞಾಂ, ಬಂತು, ಬಂತು!"

ನರ್ಸಮ್ಮ ಪೆಟ್ಟಿಗೆಯ ಸಮೇತ ಷಡ್ಡಕರ ಮೇಲೆ ಒರಗಿದರು. ಹೆಂಡತಿ ಒಂದೇ ನೆಗೆತಕ್ಕೆ ಹೋಗಿ ಆ ಕಾಲುಗಳನ್ನು ಹಿಡಿದು ಎಳೆದಳು. ಟ್ರಕ್ಕಿನ ಕೆಳಗಿನಿಂದ ಮೇಷ್ಟ್ರು ಇಡಿಯಾಗಿ, ಒಂದೂ ಗಾಯವಿಲ್ಲದೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ಹೊರಬಂದರು.

ಹೆಂಡತಿ ಒಮ್ಮೆ ಅವರ ಕಾಲು ನೋಡಿದಳು, ಒಮ್ಮೆ ಗಾಡಿ ನೋಡಿದಳು.

"ಗಾಡಿಗಾ?" ಎಂದಳು ಹೆಂಡತಿ.

"ಮತ್ತೆ ಯಾರಿಗೆ?" ಎಂದರು ಮೇಷ್ಟ್ರು.

ವಿಷಯ ಬಿಡಿಸಿ ಹೇಳಿದ ಮೇಲೆ ಮೇಷ್ಟ್ರು ತಮ್ಮ ಎರಡೂ ಕಾಲುಗಳನ್ನು ಮುಟ್ಟಿ ನೋಡಿಕೊಂಡರು. ಹೆಂಡತಿ ಮೊದಲು ಅತ್ತಳು, ಆಮೇಲೆ ಆ ಸ್ಪ್ಯಾನರನ್ನೇ ಕಿತ್ತುಕೊಂಡು ಗದರಿಸಿದಳು, ಗದರಿಸುತ್ತ ಗದರಿಸುತ್ತ ನಗು ಬಂದು ಗಾಡಿಯ ತೊಟ್ಟಿಗೆ ಒರಗಿದಳು. ಷಡ್ಡಕರು ನಿನ್ನೆಯಿಂದ ಮೊದಲ ಬಾರಿಗೆ ಪೂರ್ತಿ ನಿಮಿರಿ ನಿಂತು ಸೊಂಟ ಲಟಲಟ ಎನ್ನಿಸಿದರು. ಮಾವ ಮಾತ್ರ ಗಂಟಲು ಸರಿಮಾಡಿಕೊಂಡು, "ಹಾಗಾದ್ರೆ ಗುಡಾಣ ದೊಡ್ಡಳಿಯಂದ್ರ ಜೀಪಲ್ಲೇ..." ಎಂದು ಶುರು ಮಾಡಿದರು.

"ಅಪ್ಪ!" ಮಗಳು ತಿರುಗಿ ನಿಂತಳು. "ಮಾತು ಕೊಟ್ಟಿದೀಯ. ಗುಡಾಣ ಇವರ ಗಾಡೀಲೇ ಬರುತ್ತೆ. ನಾನೂ ಅದರಲ್ಲೇ ಕೂತು ಬರ್ತೀನಿ."

ಮೇಷ್ಟ್ರು ಹೆಂಡತಿಯನ್ನು ಹೊಸದಾಗಿ ನೋಡುವಂತೆ ನೋಡಿದರು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಿಂದ ಬಿಲ್ಲಿನಂಥ ಒಂದು ಗೆರೆ ಎಳೆದರು.

"ಡಾಕ್ಟ್ರೇ, ದಪ್ಪ ಪ್ಲೇಟ್ ಬೇಡ. ತೆಳ್ಳಗಿನವು ಹಾಕಿ, ಆದ್ರೆ ಜಾಸ್ತಿ ಹಾಕಿ. ಉದ್ದ ಇರಲಿ, ಕಮಾನು ಹೀಗೆ ಚೆನ್ನಾಗಿ ಬಾಗಿರಲಿ. ಎತ್ತರ ಬಾಗಿನಿಂದ ಬರಲಿ, ದಪ್ಪದಿಂದ ಬೇಡ."

"ಕಮಾನು ಹಾಕೋದನ್ನ ನನಗೇ ಹೇಳ್ಕೊಡ್ತೀರಾ?" ಡಾಕ್ಟರು ಸಿಡುಕಿದರು. ಸೀಮೆಸುಣ್ಣದ ಗೆರೆಯನ್ನು ಬಗ್ಗಿ ನೋಡಿದರು, ಸುತ್ತ ಒಂದು ಸುತ್ತು ಹಾಕಿದರು. "ಇದನ್ನೇ ನಾನು ಮೊದಲು ಹೇಳಬೇಕು ಅಂತಿದ್ದೆ. ಪ್ಲೇಟಿನ ನಡುವೆ ಗ್ರೀಸ್ ಹಚ್ಚಬೇಕು, ಅದು ನಿಮಗೆ ಗೊತ್ತಾ?"

"ಗೊತ್ತಿಲ್ಲ."

"ಅದಕ್ಕೇ ನಾನು ಡಾಕ್ಟ್ರು," ಎಂದು ಅವರು ಸಮಾಧಾನದಿಂದ ಸುತ್ತಿಗೆ ಎತ್ತಿಕೊಂಡರು.

ಪ್ರದರ್ಶನದ ದಿನ ಗುಡಾಣವನ್ನು ಹುಲ್ಲಿನ ಮೆತ್ತೆಯ ಮೇಲೆ ನಿಲ್ಲಿಸಿ ಕಟ್ಟಿದರು. ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಸೀಳುವ ಪದಾರ್ಥ, ನಿಂತೇ ಪ್ರಯಾಣ ಮಾಡಬೇಕು. ಮಾವ ತೊಟ್ಟಿಯಲ್ಲಿ ಅದನ್ನು ತಬ್ಬಿಕೊಂಡು ಕೂತರು. ಹಿಂದಿನ ಜೀಪಿನಲ್ಲಿ ಷಡ್ಡಕರು, ಅಕ್ಕ, ನರ್ಸಮ್ಮ ಮತ್ತು ತಮ್ಮ ಪೇಷೆಂಟನ್ನು ಬಿಟ್ಟಿರಲಾರದ ಡಾಕ್ಟರು. ಬಂಡೆ ಬಂತು. ಮೇಷ್ಟ್ರು ಗೇರು ತಗ್ಗಿಸಿದರು. ಚಕ್ರಗಳು ಏರಿದವು, ಕೆಳಗೆ ಪಟ್ಟಿಗಳು ಮೆಲ್ಲಗೆ ಬಾಗಿ ಮೆಲ್ಲಗೆ ಚಾಚಿದವು, ಹೊಟ್ಟೆ ತಾಗಲಿಲ್ಲ, ಗುಡಾಣ ದೋಣಿಯಲ್ಲಿ ಕೂತವರಂತೆ ಒಮ್ಮೆ ತೂಗಿ ಸುಮ್ಮನಾಯಿತು.

"ಅಳಿಯಂದ್ರೇ!" ಹಿಂದಿನಿಂದ ಮಾವ ಕೂಗಿದರು. "ದಾಟಿತಾ, ಇಲ್ಲಾ ಇನ್ನೂ ಬರಬೇಕಾ?"

"ದಾಟಿ ಆಯ್ತು ಮಾವ!"

"ಗೊತ್ತೇ ಆಗಲಿಲ್ಲವಲ್ರೀ!"

ಹೆಂಡತಿ ಮೇಷ್ಟ್ರ ಮೊಣಕೈಯನ್ನು ಚಿವುಟಿದಳು. ಇಡೀ ಗುಡ್ಡವನ್ನು ಅವರು ಹಾಡಿಕೊಂಡು ಇಳಿದರು.

ಪ್ರದರ್ಶನದ ಮೈದಾನಕ್ಕೆ ಒಂದೇ ಹೆಬ್ಬಾಗಿಲು, ಅದಕ್ಕೊಂದು ಕಲ್ಲಿನ ಕಮಾನು. ಅದರ ಕೆಳಗೆ ವ್ಯವಸ್ಥಾಪಕರು ಗಡಿಯಾರ ನೋಡುತ್ತ ನಿಂತಿದ್ದರು. ಮೇಷ್ಟ್ರು ಗತ್ತಿನಿಂದ ಗಾಡಿ ನುಗ್ಗಿಸಿದರು, ಮಾವ "ನಿಲ್ಲಿಸ್ರೋ!" ಎಂದು ಬೊಬ್ಬೆ ಹಾಕಿದರು. ಗುಡಾಣದ ಬಾಯಿ ಕಮಾನಿನ ಕಲ್ಲಿಗಿಂತ ಎರಡು ಬೆರಳು ಮೇಲಿತ್ತು.

"ಗಾಡಿ ಎತ್ತರ ಜಾಸ್ತಿ ಆಯ್ತು," ಎಂದರು ವ್ಯವಸ್ಥಾಪಕರು. "ವಾಪಸ್ ತಗೊಂಡು ಹೋಗಿ. ಇನ್ನೇನು ಗೇಟ್ ಹಾಕ್ತೀವಿ."

ಎತ್ತರ ಜಾಸ್ತಿ ಎಂಬ ಮಾತನ್ನು ಕೇಳಬೇಕೆಂದು ಜೀವನವೆಲ್ಲ ಹಾತೊರೆದಿದ್ದ ಮೇಷ್ಟ್ರಿಗೆ ಅದು ಇಂಥ ಹೊತ್ತಿನಲ್ಲಿ ಒದಗಿತು. ಇಳಿಸೋಣವೆಂದರೆ ಹತ್ತಾಳು ಬೇಕು. ಮಾವ ಗುಡಾಣಕ್ಕೆ ಹಣೆ ಒತ್ತಿ ಕಣ್ಣು ಮುಚ್ಚಿಕೊಂಡರು. ಮೇಷ್ಟ್ರು ಇಳಿದು, ಚಕ್ರದ ಪಕ್ಕ ಕೂತು ತೆಳ್ಳಗಿನ ಪಟ್ಟಿಗಳ ಬಾಗನ್ನು ದಿಟ್ಟಿಸಿದರು. ಮರುಕ್ಷಣವೇ ಚಂಗನೆ ಎದ್ದರು.

"ಹತ್ರೀ! ಎಲ್ಲರೂ ಹತ್ರೀ! ಭಾವ, ಮೊದಲು ನೀವು!"

"ನಾನಾ?"

"ನಿಮ್ಮಷ್ಟು ಭಾರ ಇಲ್ಲಿ ಯಾರಿದಾರೆ? ಹತ್ತಿ!"

ಷಡ್ಡಕರು ಹತ್ತಿದರು, ಗಾಡಿ ಒಂದು ಬೆರಳು ತಗ್ಗಿತು. ಡಾಕ್ಟರು ಹತ್ತಿ, "ದಪ್ಪ ಪ್ಲೇಟ್ ಆಗಿದ್ರೆ ಕೂದಲೆಳೆಯಷ್ಟೂ ಇಳೀತಿರಲಿಲ್ಲ, ನನ್ನ ಕೆಲಸ ನೋಡಿ!" ಎಂದು ಸಾರಿದರು. ಅಕ್ಕ ಹತ್ತಿದರು. ನರ್ಸಮ್ಮನನ್ನು ಇಬ್ಬರು ಎಳೆದುಕೊಂಡರು. ಇನ್ನೂ ಒಂದು ಕಡ್ಡಿಯಷ್ಟು ಬಾಕಿ.

ಮೇಷ್ಟ್ರ ಹೆಂಡತಿ ವ್ಯವಸ್ಥಾಪಕರ ಕಡೆ ತಿರುಗಿದಳು. "ಸಾರ್, ನೀವೂ ಒಂಚೂರು..."

"ಏನಮ್ಮಾ, ನಾನು ಇಲ್ಲಿನ ವ್ಯವಸ್ಥಾಪಕ!"

"ಅದಕ್ಕೇ ಸಾರ್. ತೂಕದ ಮನುಷ್ಯರು ಬೇಕು."

ಈ ಹೊಗಳಿಕೆಗೆ ಕರಗಿದ ವ್ಯವಸ್ಥಾಪಕರು ಅಂಗಿಯ ತೋಳು ಮಡಚಿ ಹತ್ತಿದರು. ಮೇಷ್ಟ್ರು ಇರುವೆಯ ವೇಗದಲ್ಲಿ ಗಾಡಿ ಬಿಟ್ಟರು. ತೊಟ್ಟಿಯಲ್ಲಿ ಎಲ್ಲರೂ ಉಸಿರು ಹಿಡಿದು, ಉಸಿರಿಗೂ ತೂಕವಿದೆಯೋ ಏನೋ ಎಂಬಂತೆ ಕಮಾನನ್ನೇ ನೋಡುತ್ತಿದ್ದರು. ಮಾವನ ಬೆರಳು ಗುಡಾಣದ ಬಾಯಿಗೂ ಕಲ್ಲಿಗೂ ನಡುವೆ ತೂರಿ, ತರಚಿಕೊಂಡು ಹೊರಬಂತು. ಗುಡಾಣ ಮೈದಾನದ ಬಿಸಿಲಿಗೆ ಬಂದು ನಿಂತಿತು. ಅಲ್ಲಿದ್ದ ಜನವೆಲ್ಲ ಹೋ ಎಂದು ಚಪ್ಪಾಳೆ ತಟ್ಟಿತು. ವ್ಯವಸ್ಥಾಪಕರು ಅದು ತಮಗೇ ಎಂದು ತಿಳಿದು ಕೈಬೀಸಿದರು.

ಗುಡಾಣ ಇಳಿಸಿ, ಹೂವಿನ ಕುಂಡಗಳ ನಡುವೆ ನಿಲ್ಲಿಸಿ ಎಲ್ಲರೂ ಹೊರಡುವ ಹೊತ್ತಿಗೆ ಷಡ್ಡಕರು ತಮ್ಮ ಜೀಪಿನ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ನಾದಿನಿಯನ್ನೂ ಅದರಲ್ಲೇ ಹತ್ತಿಸಿದರು. ಆಮೇಲೆ ಯಾರಿಗೂ ಕಾಣದಂತೆ ಬಂದು ಮೇಷ್ಟ್ರ ಪಕ್ಕದ ಸೀಟಿನಲ್ಲಿ ಮಂಡಿ ಮಡಚಿಕೊಂಡು ತೂರಿಕೊಂಡರು.

"ಯಾಕೆ ಭಾವ, ಜೀಪಿಗೆ ಏನಾಯ್ತು?"

"ಏನೂ ಆಗಿಲ್ಲ. ಅದು ಯಾವತ್ತೂ ಹಾಗೇ." ಷಡ್ಡಕರು ದನಿ ತಗ್ಗಿಸಿದರು. "ಮೇಷ್ಟ್ರೇ, ಅದರಲ್ಲಿ ಕೂತು ಕೂತು ನನ್ನ ಸೊಂಟ ಪುಡಿ ಆಗಿದೆ. ಅಷ್ಟು ಎತ್ತರದ ಗಾಡಿ ಇಟ್ಕೊಂಡು ಅಯ್ಯೋ ಅನ್ನೋಕಾಗುತ್ತಾ? ಇಷ್ಟು ವರ್ಷ ಹಲ್ಲುಕಚ್ಚಿ ನಗ್ತಾ ಇದ್ದೆ."

ಮೇಷ್ಟ್ರು ಗಾಡಿ ಚಾಲು ಮಾಡಿದರು. ಮೈದಾನದ ಎದುರಿನ ಕವಲಿಗೆ ಬಂದಾಗ ಎಡಕ್ಕೆ ನುಣುಪಾದ ಡಾಂಬರು ರಸ್ತೆ ಇತ್ತು, ಬಲಕ್ಕೆ ಕಲ್ಲುಮುಳ್ಳಿನ ದಾರಿ.

"ಬಲಕ್ಕೆ ತಿರುಗಿಸಿ ಮೇಷ್ಟ್ರೇ," ಎಂದು ಷಡ್ಡಕರು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. "ಸ್ವಲ್ಪ ಸುತ್ತಾದರೂ ಪರವಾಗಿಲ್ಲ."